ಗಾಳಿಗೊಂದು ಕಿಂಡಿ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆಚ್ಚುಕಡಿಮೆ 60 ಕಿಲೋಮೀಟರ್. ಆದರೆ ಆಷಾಢದಲ್ಲಿ ಹೋಗುವ ದಾರಿಯೇ ಬೇರೆ, ಬರುವ ದಾರಿಯೇ ಬೇರೆ. ರಸ್ತೆ ಅದೇ ಹೆದ್ದಾರಿ 48. ಗಾಳಿ ಮಾತ್ರ ಪಡುವಣದ್ದು. ಹೋಗುವಾಗ ಬೆನ್ನಿಗೆ ಕೈಯಿಟ್ಟು ತಳ್ಳುತ್ತದೆ. ನಮ್ಮ ಬೈಕು ಎಷ್ಟು ಚೆನ್ನಾಗಿ ಓಡ್ತಿದೆ ಅಂತ ನಾವು ಬೀಗುತ್ತೇವೆ. ಬರುವಾಗ ಅದೇ ಗಾಳಿ ಎದೆಗೆ ಕೈ ಅಡ್ಡ ಇಟ್ಟು, "ಎಲ್ಲಿಗೆ ಹೊರಟೆ?" ಅನ್ನುತ್ತದೆ. ದುರ್ಗದ ಗುಡ್ಡಗಳ ಮೇಲಿನ ದೊಡ್ಡ ಫ್ಯಾನುಗಳನ್ನು ನೋಡಿ. ಈ ತಿಂಗಳಲ್ಲಿ ಎಲ್ಲವೂ ಪಡುವಣಕ್ಕೆ ಮುಖ ಮಾಡಿ ನಿಂತಿರುತ್ತವೆ. ಗಾಳಿ ಬಂದ ಕಡೆಗೆ ತಾವೇ ತಿರುಗಿಕೊಳ್ಳುವ ಬುದ್ಧಿ ಅವಕ್ಕಿದೆ. ನನ್ನ ಬೈಕಿನ ವಿಂಡ್‌ಶೀಲ್ಡಿಗೆ ಇಲ್ಲ.

60ಕ್ಕಿಂತ 90ರಲ್ಲಿ ಹೋದರೆ ಗಾಳಿ ಒಂದೂವರೆ ಪಟ್ಟು ತಳ್ಳುತ್ತದೆ ಅಂತ ನಾನೂ ಲೆಕ್ಕ ಹಾಕಿದ್ದೆ. ಅಲ್ಲವಂತೆ. ಗಾಳಿಯ ಲೆಕ್ಕ ನಡೆಯುವುದು ವೇಗದ ವರ್ಗಕ್ಕೆ. ಒಂದೂವರೆ ಒಂದೂವರ್ಲಿ ಎರಡೂಕಾಲು. ಅದರ ಮೇಲೆ ಎದುರುಗಾಳಿಯ ಬಡ್ಡಿ ಬೇರೆ. ಭರಮಸಾಗರ ದಾಟುವ ಹೊತ್ತಿಗೆ ಹೆಲ್ಮೆಟ್ಟಿನೊಳಗೆ ಭಟ್ಟಿಯಲ್ಲಿ ಮಂಡಕ್ಕಿ ಹುರಿದ ಸದ್ದು. ಮನೆ ಸೇರಿದ ಮೇಲೂ ಅರ್ಧ ಗಂಟೆ ಕಿವಿಯಲ್ಲಿ ಭಟ್ಟಿ ಆರುವುದಿಲ್ಲ.

ಅದಕ್ಕೇ ಹೋದ ವರ್ಷ ಎತ್ತರದ ಶೀಲ್ಡ್ ಹಾಕಿಸಿದ್ದೆ. ಎದೆಗೆ ಬಡಿಯುವುದು ನಿಂತಿತು. ತಲೆಗೆ ಬಡಿಯುವುದು ಜಾಸ್ತಿಯಾಯಿತು. ಶೀಲ್ಡಿನ ಮೇಲಂಚು ದಾಟಿದ ಗಾಳಿ ನೆಟ್ಟಗೆ ಹೋಗದೆ ಸುರುಳಿ ಸುತ್ತಿಕೊಳ್ಳುತ್ತದೆ. ಆ ಸುರುಳಿ ನನ್ನ ಎತ್ತರಕ್ಕೆ ಸರಿಯಾಗಿ ಹೆಲ್ಮೆಟ್ಟಿಗೇ ಬಂದು ಅಪ್ಪಳಿಸುತ್ತಿತ್ತು. ಎರಡು ಇಂಚು ಕುಳ್ಳಗಿದ್ದಿದ್ದರೆ ನಾನು ಸುಖಿ. ಈ ವಯಸ್ಸಿಗೆ ಕುಳ್ಳಗಾಗುವುದು ನಿಧಾನದ ಕೆಲಸ, ಅಷ್ಟು ಕಾಯೋಕಾಗಲ್ಲ. ಹಾಗಾಗಿ ಶೀಲ್ಡನ್ನೇ ಎತ್ತಿ ಇಳಿಸಿ ವಾಲಿಸಬಲ್ಲ ಒಂದು ಬ್ರಾಕೆಟ್ ತರಿಸಿದೆ.

ಪಾರ್ಸೆಲ್ಲಿನಲ್ಲಿ ಎರಡು ಕಪ್ಪು ತೋಳುಗಳು, ಅವುಗಳಲ್ಲಿ ಉದ್ದುದ್ದ ಸೀಳು, ಒಂದು ಮುಷ್ಟಿ ಬೋಲ್ಟು, ರಬ್ಬರ್ ವಾಷರ್, ಅಲೆನ್ ಕೀ. ಜೊತೆಗೆ ಬರೀ ಚಿತ್ರಗಳ ಒಂದು ಹಾಳೆ. ಚಿತ್ರದಲ್ಲಿ ಇದ್ದದ್ದು ಒಂದು ಕೈ ಮಾತ್ರ. ಆ ಕೈಗೆ ಗ್ರೀಸ್ ಅಂಟಿರಲಿಲ್ಲ. ಅಷ್ಟರಲ್ಲೇ ನನಗೆ ಅನುಮಾನ ಬರಬೇಕಿತ್ತು.

ಭಾನುವಾರ ಬೆಳಿಗ್ಗೆ ಮನೆ ಮುಂದೆ ಕೂತೆ. ಹಳೇ ಶೀಲ್ಡ್ ಬಿಚ್ಚುವುದರಲ್ಲೇ ಒಂದು ಗಂಟೆ ಹೋಯಿತು. ಒಳಗಡೆ ರಬ್ಬರಿನ ಹೊಟ್ಟೆಯಲ್ಲಿ ಹಿತ್ತಾಳೆ ನಟ್ಟು ಕೂತಿರುತ್ತದೆ. ಬೋಲ್ಟು ಬಿಗಿದರೆ ರಬ್ಬರ್ ಉಬ್ಬಿ ತೂತಿನಲ್ಲಿ ಕಚ್ಚಿಕೊಳ್ಳುತ್ತದೆ. ಜಾಣ ಉಪಾಯವೇ. ಆದರೆ ಹಳತಾದ ರಬ್ಬರ್ ಬೋಲ್ಟಿನ ಜೊತೆ ತಾನೂ ತಿರುಗುತ್ತದೆ. ನಾನು ತಿರುಗಿಸುತ್ತೇನೆ, ಅದು ತಿರುಗುತ್ತದೆ, ಬೋಲ್ಟು ಮಾತ್ರ ಅಲ್ಲೇ. ಕೊನೆಗೆ ಶೀಲ್ಡನ್ನು ಸ್ವಲ್ಪ ಹೊರಗೆ ಎಳೆದು ಹಿಡಿದು ತಿರುಗಿಸಿದಾಗ ಬಂತು. ಬಂದ ಖುಷಿಗೆ ಒಂದು ವಾಷರ್ ಕೈ ಜಾರಿ ಚರಂಡಿ ಸೇರಿತು.

ವಾಷರ್ ಕೇಳಲು ಬೀದಿ ತುದಿಯ ಮೆಕ್ಯಾನಿಕ್ ಹತ್ತಿರ ಹೋದರೆ, ಅವನು ಬೈಕು ನೋಡಲು ತಾನೇ ಬಂದ. ನಾನು ಬಿಗಿಯುವುದನ್ನು ಸ್ವಲ್ಪ ಹೊತ್ತು ನೋಡಿದ.

"ಹಂಗ ಬಿಗೀಬ್ಯಾಡ್ರಿ ಸಾರ್. ಇದು ಪ್ಲಾಸ್ಟಿಕ್, ಕಬ್ಣ ಅಲ್ಲ. ಇವತ್ತೇನೂ ಆಗಂಗಿಲ್ಲ. ನಾಳೆ ಬಿಸ್ಲಿಗೆ ಬೋಲ್ಟಿನ ಮಗ್ಗುಲಿಂದ ಕೂದ್ಲೆಳೆಯಷ್ಟು ಬಿರುಕು ಬಿಡ್ತೈತಿ."

ನಾಲ್ಕನ್ನೂ ಮೊದಲು ಸಡಿಲವಾಗಿ ಕೂರಿಸಿ, ಮೂಲೆಯಿಂದ ಎದುರು ಮೂಲೆಗೆ ಒಂದೊಂದೇ ಸುತ್ತು ಬಿಗಿಯಬೇಕಂತೆ. ರಬ್ಬರ್ ಚೂರು ಅದುಮಿದ ಹಾಗೆ ಕಂಡರೆ ಸಾಕು. ಬೋಲ್ಟು ಸಡಿಲವಾಗದಿರಲಿ ಅಂತ ನಾನು ಹಚ್ಚಲು ಹೊರಟಿದ್ದ ನೀಲಿ ಅಂಟನ್ನೂ ಕಿತ್ತುಕೊಂಡ. ಅದು ಪ್ಲಾಸ್ಟಿಕ್ಕಿಗೆ ಆಗಿಬರಲ್ಲ, ಬಿರುಕಿಗೆ ದಾರಿ. ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ತೋಳಿಗೆ ಕೇಬಲ್ ತಾಗುತ್ತದಾ ಅಂತ ನೋಡಿದ. ಆಮೇಲೆ ಶೀಲ್ಡಿನ ಕೆಳಗೆ ಎರಡು ಬೆರಳು ತೂರಿಸಿ, "ಇಲ್ಲೊಂದು ಕಿಂಡಿ ಬಿಡ್ರಿ" ಅಂದ.

ಕಿಂಡಿ! ಚಿತ್ರದುರ್ಗದ ಮಗ್ಗುಲಲ್ಲಿ ಹುಟ್ಟಿ ಬೆಳೆದವನಿಗೆ ಕಿಂಡಿಯ ವಿಷಯ ಹೇಳಿಕೊಡಬೇಕಾ? ಕಿಂಡಿ ಅಂದರೆ ಶತ್ರು ನುಸುಳುವ ಜಾಗ, ಅಲ್ಲಿ ಒನಕೆ ಹಿಡಿದು ನಿಲ್ಲಬೇಕು. ನಾನು ಇಷ್ಟು ದಿನ ಮಾಡಿದ್ದೂ ಅದನ್ನೇ. ಆದರೆ ಗಾಳಿಯ ಲೆಕ್ಕ ಓಬವ್ವನ ಲೆಕ್ಕಕ್ಕೆ ಉಲ್ಟಾ. ಪೂರ್ತಿ ಅಡ್ಡಗಟ್ಟಿದರೆ ಶೀಲ್ಡಿನ ಹಿಂದೆ ಒತ್ತಡ ಕಡಿಮೆಯಾಗುತ್ತದೆ. ಮೇಲಿಂದ ದಾಟಿದ ಗಾಳಿ ಆ ಖಾಲಿ ಜಾಗಕ್ಕೆ ಧುಮುಕುತ್ತದೆ. ಕೆಳಗಿಂದ ಸ್ವಲ್ಪ ಗಾಳಿಯನ್ನು ಮರ್ಯಾದೆಯಾಗಿ ಒಳಗೆ ಬಿಟ್ಟುಕೊಂಡರೆ ಗಲಾಟೆ ತಗ್ಗುತ್ತದೆ.

ನಂಬಲಿಲ್ಲ. ಹೆಂಡತಿಯ ಹೊಲಿಗೆ ಡಬ್ಬಿಯಿಂದ ಕೆಂಪು ದಾರ ತಗೊಂಡು ಗೇಣುದ್ದದ ತುಂಡು ಮಾಡಿ, ಶೀಲ್ಡಿನ ಮುಂದೆ, ಅಂಚಿಗೆ, ಹಿಂದೆ ಅಂಟಿಸಿಕೊಂಡು ಆನಗೋಡಿನ ತನಕ ಹೋಗಿಬಂದೆ. ಕಿಂಡಿ ಮುಚ್ಚಿದ್ದಾಗ ಮುಂದಿನ ದಾರಗಳು ಎಣ್ಣೆ ಹಚ್ಚಿ ಬಾಚಿದ ಹಾಗೆ ಮಲಗಿದ್ದವು. ಹಿಂದಿನವು ಹುಚ್ಚೆದ್ದು ಮೇಲಕ್ಕೆ, ಮುಂದಕ್ಕೆ, ಅಂದರೆ ನಾನು ಹೋಗುವ ದಿಕ್ಕಿಗೇ ಹಾರುತ್ತಿದ್ದವು. ನಿಲ್ಲಿಸಿ ಶೀಲ್ಡನ್ನು ಎರಡು ಬೆರಳು ಎತ್ತಿ ಹೊರಟೆ. ಹಿಂದಿನ ದಾರಗಳೂ ತಣ್ಣಗಾದವು. ಪೆಟ್ರೋಲ್ ಬಂಕಿನ ಹುಡುಗ ದಾರಗಳನ್ನೇ ನೋಡುತ್ತಾ, "ಯಾವ ದೇವ್ರಿಗೆ ಹರಕೆ ಸಾರ್?" ಅಂದ. ವಾಯುದೇವರಿಗೆ ಅಂದೆ. ತಲೆಯಾಡಿಸಿದ.

ಮೇಲಂಚು ಮೂಗಿನ ಮಟ್ಟಕ್ಕೆ ಬಂದರೆ ಸಾಕು. ರಸ್ತೆಯನ್ನು ಶೀಲ್ಡಿನ ಮೇಲಿಂದ ನೋಡಬೇಕು, ಶೀಲ್ಡಿನ ಮೂಲಕ ಅಲ್ಲ. ಮಳೆಯಲ್ಲಿ, ರಾತ್ರಿ ಎದುರು ಲಾರಿಯ ಬೆಳಕಿನಲ್ಲಿ ಇದು ಅರ್ಥವಾಗುತ್ತದೆ. ಹಾಗೇ ಕೂರಿಸಿದೆ. ಭಟ್ಟಿ ಆರಿತು. ನನ್ನ ಪಾಲಿಗೆ ಕೆಲಸ ಮುಗಿದಿತ್ತು.

ಸಂಜೆ ಅವಳನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಹತ್ತು ಕಿಲೋಮೀಟರ್ ಆಗಿರಲಿಲ್ಲ, ಬೆನ್ನಿಗೆ ಗುದ್ದು ಬಿತ್ತು. ನಿಲ್ಲಿಸಿದೆ.

"ರೀ, ನಿಮಗೆ ಬರ್ತಿದ್ದ ಗಾಳಿ ಎಲ್ಲಿಗೆ ಹೋಯ್ತು ಗೊತ್ತಾ?"

"ಎಲ್ಲಿಗೆ?"

"ನನಗೆ."

ಹೆಲ್ಮೆಟ್ ತೆಗೆದಳು. ಕೂದಲೆಲ್ಲ ಕಿತ್ತುಬಂದು ಮುಖಕ್ಕೆ ಅಂಟಿತ್ತು. ಗಾಳಿಯನ್ನು ನಾನು ತಡೆದಿರಲಿಲ್ಲ, ಹಿಂದಿನ ಸೀಟಿಗೆ ವರ್ಗಾಯಿಸಿದ್ದೆ. ಸರ್ಕಾರಿ ನೌಕರಿಯಲ್ಲಿ 22 ವರ್ಷ ಕಳೆದವನಿಗೆ ಇದು ಕೈ ಬಂದ ವಿದ್ಯೆ. ಆದರೆ ಅವಳ ಮುಂದೆ ಹಾಗನ್ನಲು ಧೈರ್ಯವಾಗಲಿಲ್ಲ.

ರಸ್ತೆ ಬದಿಯಲ್ಲೇ ಅಲೆನ್ ಕೀ ತೆಗೆದೆ. ಒಂದು ಬೆರಳು ಇಳಿಸಿ ಅರ್ಧ ಕಿಲೋಮೀಟರ್, ಚೂರು ಹಿಂದಕ್ಕೆ ವಾಲಿಸಿ ಇನ್ನರ್ಧ. ಪ್ರತಿ ಸಲ ಅವಳ ತೀರ್ಪು. "ಈಗ ಪರವಾಗಿಲ್ಲ" ಅಂದಾಗ ಕತ್ತಲಾಗಿತ್ತು. ನನ್ನ ಹೆಲ್ಮೆಟ್ಟಿನಲ್ಲಿ ಮತ್ತೆ ಒಂದಿಷ್ಟು ಮಂಡಕ್ಕಿ ಸಿಡಿಯತೊಡಗಿತ್ತು, ಅರ್ಧ ಸೇರಿನಷ್ಟು.

ಬೋಲ್ಟು ಅಲುಗಿದರೆ ತಿಳಿಯುವಂತೆ ಅದರ ತಲೆಯಿಂದ ಬ್ರಾಕೆಟ್ಟಿಗೆ ಒಂದು ಬಣ್ಣದ ಗೆರೆ ಎಳೆದಿಡಿ ಅಂತ ಮೆಕ್ಯಾನಿಕ್ ಹೇಳಿದ್ದ. ಗೆರೆ ತುಂಡಾದರೆ ಬೋಲ್ಟು ತಿರುಗಿದೆ ಅಂತ ಅರ್ಥ. ಮನೆಯಲ್ಲಿ ಬಣ್ಣ ಎಲ್ಲಿದೆ? ಅವಳೇ ಒಳಗಿಂದ ನೇಲ್ ಪಾಲಿಶ್ ತಂದು, ಮೊಬೈಲಿನ ಬೆಳಕು ಹಿಡಿಯಲು ನನಗೆ ಹೇಳಿ, ನಾಲ್ಕೂ ಬೋಲ್ಟಿಗೆ ಒಂದೊಂದು ಕೆಂಪು ಗೆರೆ ಎಳೆದಳು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಅದೇ ಬಣ್ಣವನ್ನು ಕಾಲ್ಬೆರಳಿಗೆ ಹಚ್ಚಿಕೊಳ್ಳುತ್ತಾ, "ಬರೋ ಭಾನುವಾರ ದುರ್ಗಕ್ಕೆ ಹೋಗೋಣ. ಬರುವಾಗ ಗೊತ್ತಾಗುತ್ತೆ" ಅಂದಳು.