ಶಾಲು ಮತ್ತು ಬಕೆಟ್

ಅಮೆರಿಕದ ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್‌ಗೆ ಬಂದ ಹೊಸದರಲ್ಲಿ ಒಂದು ಶನಿವಾರ ಸಂಜೆ ಲೋಯರ್ ಬ್ರಾಡ್‌ವೇ ಕಡೆ ಹೋಗಿದ್ದೆ. ರಸ್ತೆಯ ಎರಡೂ ಬದಿಗೆ ಬಾರ್‌ಗಳು. ಒಂದೊಂದು ಬಾರಿನಲ್ಲೂ ಕಿಟಕಿ ಪಕ್ಕ ಪುಟ್ಟ ವೇದಿಕೆ, ಅದರ ಮೇಲೆ ಗಿಟಾರು, ಪಿಟೀಲು ಹಿಡಿದ ನಾಲ್ಕೈದು ಜನ. ಒಳಗೆ ಹೋಗೋಕೆ ಟಿಕೆಟ್ ಇಲ್ಲ. ಒಂದು ತಂಡ ಸುಮಾರು ನಾಲ್ಕು ಗಂಟೆ ಹಾಡುತ್ತದೆ, ಅದು ಇಳಿದ ಮೇಲೆ ಇನ್ನೊಂದು ತಂಡ ಹತ್ತುತ್ತದೆ. ನಾನು ನಿಂತಿದ್ದ ಕಡೆ ಒಂದು ಹಾಡು ಮುಗಿಯಿತು. ಪಿಟೀಲು ನುಡಿಸುತ್ತಿದ್ದ ಹುಡುಗಿ ಅದನ್ನು ಪಕ್ಕಕ್ಕಿಟ್ಟು, ಒಂದು ಪ್ಲಾಸ್ಟಿಕ್ ಬಕೆಟ್ ಹಿಡಿದು ಟೇಬಲಿಂದ ಟೇಬಲಿಗೆ ಬಂದಳು. ನನ್ನ ಮುಂದೆಯೂ ಹಿಡಿದಳು. ನನಗೆ ಮುಜುಗರವಾಯಿತು. ಇಷ್ಟು ಚೆನ್ನಾಗಿ ನುಡಿಸುವವಳು ಹೀಗೆ ಕೈಯೊಡ್ಡಬೇಕಾ ಅಂತ ಸಂಕಟ. ಐದು ಡಾಲರ್ ಹಾಕಿ ತಲೆ ತಗ್ಗಿಸಿದೆ. ಅವಳು ಮಾತ್ರ ನೇರ ನೋಡಿ, ನಕ್ಕು, ಮುಂದಿನ ಟೇಬಲಿಗೆ ಹೋದಳು.

ಇದಾಗಿ ಹನ್ನೊಂದು ವರ್ಷ. ಈಗ ಬಕೆಟ್ ನೋಡಿದರೆ ನನಗೆ ಏನೂ ಅನ್ನಿಸುವುದಿಲ್ಲ. ಸಂಕಟ ಆಗುವುದು ಶಾಲು ನೋಡಿದಾಗ.

ನನ್ನ ಚಿಕ್ಕಪ್ಪನ ಮಗ ಮೈಸೂರಿನಲ್ಲಿ ಸುಗಮ ಸಂಗೀತ ಹಾಡುತ್ತಾನೆ. ಒಳ್ಳೆ ಕಂಠ. ಕೆಲವು ಕವಿತೆಗಳಿಗೆ ತಾನೇ ರಾಗ ಹಾಕಿದ್ದಾನೆ, ಈಚೆಗೆ ಸ್ವಂತ ಹಾಡುಗಳನ್ನೂ ಬರೆಯುತ್ತಿದ್ದಾನೆ. ಕಳೆದ ಸಲ ಊರಿಗೆ ಹೋದಾಗ ಬೀರು ತೆಗೆದು ತೋರಿಸಿದ. ಒಂದು ಖಾನೆ ತುಂಬ ಮಡಿಸಿಟ್ಟ ಶಾಲುಗಳು. ಕೆಲವಕ್ಕೆ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿಲ್ಲ. ಪಕ್ಕದಲ್ಲಿ ನೆನಪಿನ ಕಾಣಿಕೆಗಳು, ಎರಡು ಮೈಸೂರು ಪೇಟ. "ಅಣ್ಣ, ಇದ್ರಲ್ಲಿ ಒಂದನ್ನೂ ಮಗಳ ಸ್ಕೂಲ್ ಫೀಸಿಗೆ ಕೊಡಕ್ಕಾಗಲ್ಲ ಕಣಣ್ಣ" ಅಂದ. ಅವನು ಹಾಡಿದ ಕಾರ್ಯಕ್ರಮಗಳಲ್ಲಿ ಶಾಮಿಯಾನದವರಿಗೆ ದುಡ್ಡು ಕೊಟ್ಟಿರುತ್ತಾರೆ. ಮೈಕ್ ಸೆಟ್‌ನವರಿಗೆ, ಅಡುಗೆಯವರಿಗೆ ಕೊಟ್ಟಿರುತ್ತಾರೆ. ಹಾಡಿದವನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಬಾಯಿಬಿಟ್ಟು ಕೇಳಿದರೆ, "ಒಳ್ಳೆ ವೇದಿಕೆ ಕೊಟ್ಟಿದ್ದೀವಲ್ಲ ಸಾರ್" ಅನ್ನುವ ಉತ್ತರ.

ಶಾಲು ಹೊದಿಸುವುದು ಪ್ರೀತಿಯಿಂದಲೇ. ಅದರ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಹಾಡುವವನ ಹೊಟ್ಟೆಪಾಡಿನ ಮಾತು ಎತ್ತುವುದೇ ಅಗೌರವ ಅಂತ ನಾವು ಯಾವಾಗ ತೀರ್ಮಾನ ಮಾಡಿದೆವು? ನಮ್ಮಲ್ಲಿ ಮೊದಲು ಹೀಗಿರಲಿಲ್ಲ. ನಮ್ಮೂರು ಟಿ. ನರಸೀಪುರದ ಕಡೆ. ಸುಗ್ಗಿ ಮುಗಿದ ಮೇಲೆ ಮಂಟೇಸ್ವಾಮಿ ಒಕ್ಕಲಿನ ನೀಲಗಾರರು ತಂಬೂರಿ ಹಿಡಿದು ಬರುತ್ತಿದ್ದರು. ಜಗುಲಿ ಮೇಲೆ ಕೂತು ಹಾಡಿದರೆ ಓಣಿ ಪೂರ್ತಿ ಬಂದು ಸೇರೋದು. ಹಾಡು ಮುಗಿಯುತ್ತಿದ್ದ ಹಾಗೆ ಅವ್ವ ಮೊರದಲ್ಲಿ ರಾಗಿ ತಂದು ಜೋಳಿಗೆಗೆ ಸುರಿಯೋಳು. ಕೊಡುವವರಿಗೂ ನಾಚಿಕೆ ಇಲ್ಲ, ತಗೊಳ್ಳುವವರಿಗೂ ಇಲ್ಲ. ಮಧುಕರ ವೃತ್ತಿ ಅಂತ ಹೆಮ್ಮೆಯಿಂದ ಹೇಳಿಕೊಂಡ ದಾಸರ ನಾಡು ನಮ್ಮದು. ಆ ಜೋಳಿಗೆಯನ್ನು ನಾನು ಮತ್ತೆ ಕಂಡದ್ದು ಟೆನೆಸ್ಸೀಯ ಒಂದು ಬಾರಿನಲ್ಲಿ.

ಬ್ರಾಡ್‌ವೇಯಲ್ಲಿ ಹಾಡುವುದು ಹೆಚ್ಚಾಗಿ ಬೇರೆಯವರ ಹಿಟ್ ಹಾಡುಗಳನ್ನು. ತಾವೇ ಬರೆದು ತಾವೇ ಹಾಡುವವರನ್ನು ಕೇಳಬೇಕು ಅಂದರೆ ಊರಿನ ಇನ್ನೊಂದು ಕಡೆ, ಗ್ರೀನ್ ಹಿಲ್ಸ್‌ನ ಬ್ಲೂಬರ್ಡ್ ಕೆಫೆಗೆ ಹೋಗಬೇಕು. 1982ರಲ್ಲಿ ಶುರುವಾದದ್ದು. ಸಾಲು ಅಂಗಡಿಗಳ ನಡುವೆ ಒಂದು ಸಣ್ಣ ಜಾಗ, 90 ಜನ ಕೂತರೆ ತುಂಬಿತು. ಸೋಮವಾರ ಸಂಜೆ ಯಾರು ಬೇಕಾದರೂ ಹೆಸರು ಕೊಟ್ಟು ತಮ್ಮ ಹಾಡು ಹಾಡಬಹುದು. ಬೇರೆ ದಿನಗಳಲ್ಲಿ ನಾಲ್ಕು ಜನ ಹಾಡುಗಾರರು ಕೋಣೆಯ ನಡುವೆ ಎದುರುಬದುರು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಾವು ಅವರ ಸುತ್ತ. ಒಬ್ಬರಾದ ಮೇಲೆ ಒಬ್ಬರು ಒಂದೊಂದು ಹಾಡು. ಹಾಡಿಗೆ ಮೊದಲು ಅದು ಹುಟ್ಟಿದ ಕಥೆ. ಮಾತಾಡಿದರೆ 'ಶ್' ಅನ್ನುತ್ತಾರೆ. ಆ ಮೌನ ಅಲ್ಲಿನ ಕಟ್ಟುನಿಟ್ಟಿನ ನಿಯಮ.

ಅಲ್ಲಿ ಒಮ್ಮೆ ಕಂಡದ್ದನ್ನು ಹೇಳುತ್ತೇನೆ. ಎಪ್ಪತ್ತು ದಾಟಿದ ಒಬ್ಬ ಅಜ್ಜ, ಒಡೆದ ದನಿ, ಸುಮ್ನೆ ನಾಲ್ಕು ತಂತಿ ಮೀಟಿ ಒಂದು ಹಾಡು ಎತ್ತಿಕೊಂಡರು. ಮೊದಲ ಸಾಲು ಕೇಳಿದ ತಕ್ಷಣ ಇಡೀ ಕೋಣೆ ಉಸಿರು ಹಿಡಿಯಿತು. ದೊಡ್ಡ ಗಾಯಕರೊಬ್ಬರ ದನಿಯಲ್ಲಿ ಎಲ್ಲರೂ ವರ್ಷಗಟ್ಟಲೆ ಕೇಳಿದ್ದ ಹಾಡದು. ನನ್ನ ಪಕ್ಕದ ಹೆಂಗಸು ಕಣ್ಣು ಒರೆಸಿಕೊಂಡರು. ಹಾಡು ಮುಗಿದ ಮೇಲೆ ಅಜ್ಜನಿಗೆ ಸಿಕ್ಕ ಚಪ್ಪಾಳೆ ಬರೆದದ್ದಕ್ಕೆ ಸಿಕ್ಕಿದ್ದು. ನಮ್ಮ ಕಡೆ ಸಿನಿಮಾ ಹಾಡು ಬರೆದವರ ಹೆಸರು ಎಷ್ಟು ಜನಕ್ಕೆ ಗೊತ್ತಿರುತ್ತೆ, ಹೇಳಿ?

ನಮ್ಮ ಪಕ್ಕದ ಮನೆಯಲ್ಲಿ ಇಂಥ ಒಬ್ಬ ಹಾಡುಗಾರ್ತಿ ಇದ್ದಾಳೆ. ಟೆನೆಸ್ಸೀಯ ಪೂರ್ವದ ಬೆಟ್ಟಗಳ ಕಡೆಯವಳು. ವಾರದಲ್ಲಿ ನಾಲ್ಕು ದಿನ ಹಲ್ಲಿನ ಡಾಕ್ಟರ ಹತ್ತಿರ ಕೆಲಸ, ಉಳಿದ ದಿನ ಹಾಡು. ಯಾವ ಕಂಪನಿಯ ಜೊತೆಗೂ ಕರಾರಿಲ್ಲ. ಅವಳನ್ನು ನೋಡಿ ಈ ದಾರಿ ಎಷ್ಟು ಉದ್ದ ಅಂತ ನನಗೆ ಗೊತ್ತಾಗಿದೆ. ನ್ಯಾಶ್‌ವಿಲ್ ಹತ್ತು ವರ್ಷದ ಊರು ಅಂತ ಇಲ್ಲಿನವರು ಹೇಳುತ್ತಾರೆ. ಇಲ್ಲಿಗೆ ಬಂದು ಹತ್ತು ವರ್ಷ ಸವೆಸಿದ ಮೇಲೆ ಏನಾದರೂ ಆದರೆ ಆದೀತು ಅಂತ. ಹಾಡುಗಾರ್ತಿ ಮಾರ್ಗೋ ಪ್ರೈಸ್ ಇಲ್ಲಿಗೆ ಬಂದದ್ದು 2003ರಲ್ಲಿ. ಅವರ ಮೊದಲ ಸೋಲೋ ಆಲ್ಬಮ್ ಹೊರಬಂದದ್ದು 2016ರಲ್ಲಿ. ಅದರ ರೆಕಾರ್ಡಿಂಗ್ ಖರ್ಚಿಗೆ ಕಾರು ಮಾರಿ, ಮದುವೆ ಉಂಗುರ ಅಡವಿಟ್ಟಿದ್ದರು.

ಸ್ವತಂತ್ರವಾಗಿ ಇರುವುದು ಬೇಡ ಅನ್ನುವವರಿಗೆ ಇಲ್ಲಿನ ಸಂಗೀತ ಕಂಪನಿಗಳ ಬೀದಿ ಮ್ಯೂಸಿಕ್ ರೋನಲ್ಲಿ ಹಾಡಿನ ಪ್ರಕಾಶಕರು ಇದ್ದಾರೆ. ಸಂಬಳದ ಹಾಗೆ ತಿಂಗಳು ತಿಂಗಳು ದುಡ್ಡು ಕೊಡುತ್ತಾರೆ, ಅದಕ್ಕೆ 'ಡ್ರಾ' ಅಂತಾರೆ. ಅದು ಮುಂಗಡ. ಹಾಡಿನಿಂದ ದುಡ್ಡು ಬಂದಾಗ ಮುರಿದುಕೊಳ್ಳುತ್ತಾರೆ, ಹಕ್ಕಿನಲ್ಲೂ ಪಾಲು ಅವರದು. ನಮ್ಮ ಪಕ್ಕದ ಮನೆಯವಳಿಗೆ ಒಮ್ಮೆ ಅಂಥ ಅವಕಾಶ ಬಂದಿತ್ತು. ಬೇಡ ಅಂದಳು. ತಾನೇ ರೆಕಾರ್ಡ್ ಮಾಡಿಸುತ್ತಾಳೆ, ತಾನೇ ಗಾಡಿ ಓಡಿಸಿಕೊಂಡು ಊರೂರು ಸುತ್ತುತ್ತಾಳೆ. ಕೆಂಟಕಿಯ ಒಂದು ಸಣ್ಣ ಊರಿನ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ತೋರಿಸಿದಳು. ಬಾಗಿಲಲ್ಲಿ ಟಿಕೆಟ್‌ಗೆ ಬಂದ ದುಡ್ಡಿನಲ್ಲಿ ಅವಳ ಪಾಲು 140 ಡಾಲರ್. ಟೀಶರ್ಟು, ರೆಕಾರ್ಡು ಮಾರಿದ್ದು 210. ಪೆಟ್ರೋಲಿಗೆ 60, ಮೋಟೆಲಿಗೆ 85 ಹೋಯಿತು. ಹಾಡಿಗಿಂತ ಟೀಶರ್ಟಿಗೆ ಜಾಸ್ತಿ ಬಂದಿದೆ ಅಂತ ನನಗೆ ಬೇಜಾರಾಯಿತು. ಅವಳಿಗೆ ಆಗಿರಲಿಲ್ಲ. ಟೀಶರ್ಟು ಕೊಂಡವರು ಹಾಡು ಕೇಳಿ ಇಷ್ಟಪಟ್ಟೇ ಕೊಂಡದ್ದು ಅಂದಳು. ತಮ್ಮ ಪುಸ್ತಕಗಳನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ನಮ್ಮ ಗಳಗನಾಥರು ನೆನಪಾದರು.

ಇಂಟರ್‌ನೆಟ್‌ನಲ್ಲಿ ಕೇಳುವವರಿಂದ ಬರುವುದು ತೀರಾ ಕಡಿಮೆ. ಒಂದು ಸಲ ಕೇಳಿದರೆ ಒಂದು ಸೆಂಟೂ ಸಿಗುವುದಿಲ್ಲ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡನ್ನು ವರ್ಷಕ್ಕೆ 1,000 ಸಲವಾದರೂ ಕೇಳಿರದಿದ್ದರೆ ಆ ಹಾಡಿಗೆ ಏನೂ ಇಲ್ಲ. ಹಾಗಾಗಿ ಇವರೆಲ್ಲ ನಂಬಿರುವುದು ಎದುರಿಗೆ ಕೂತು ಕೇಳುವ ಜನರನ್ನು. ಷಿಕಾಗೋ ಹತ್ತಿರ ಅಂಚೆ ಹಂಚುತ್ತಿದ್ದ ಹಾಡುಗಾರ ಜಾನ್ ಪ್ರೈನ್, ದೊಡ್ಡ ಕಂಪನಿಗಳಲ್ಲಿ ಆಲ್ಬಮ್ ಮಾಡಿದ ಮೇಲೆ, 1980ರ ದಶಕದ ಶುರುವಿನಲ್ಲಿ ಗೆಳೆಯರ ಜೊತೆ ಸೇರಿ ಓ ಬಾಯ್ ಅನ್ನುವ ಸ್ವಂತ ಸಂಸ್ಥೆ ಕಟ್ಟಿದರು. ಮುಂದಿನ ಆಲ್ಬಮ್‌ನ ಖರ್ಚಿಗೆ ಅಭಿಮಾನಿಗಳು ಮೊದಲೇ ದುಡ್ಡು ಕಳಿಸಿಕೊಟ್ಟರು. ಹಾಡು ಇನ್ನೂ ಕೇಳೇ ಇಲ್ಲ, ಆದರೂ ಕಳಿಸಿದರು. ಅಂಥ ಕೇಳುಗರು ನಮ್ಮಲ್ಲೂ ಬೇಕು ಅನ್ನುವುದೇ ನನ್ನ ಆಸೆ.

ಇನ್ನು ಕಾಗದದ ವಿಷಯ. ಇಲ್ಲಿ ಇಬ್ಬರೋ ಮೂವರೋ ಬೆಳಗ್ಗೆ ಒಂದು ಕೋಣೆಯಲ್ಲಿ ಕೂತು ಒಟ್ಟಿಗೆ ಹಾಡು ಕಟ್ಟುವುದು ದಿನನಿತ್ಯದ ಕೆಲಸ. ಎದ್ದು ಹೋಗುವ ಮೊದಲು ಯಾರಿಗೆ ಎಷ್ಟು ಪಾಲು ಅಂತ ಬರೆದಿಡುತ್ತಾರೆ. ಸಾಮಾನ್ಯವಾಗಿ ಸಮಪಾಲು. ಒಬ್ಬನು ಒಂದೇ ಸಾಲು ಕೊಟ್ಟಿದ್ದರೂ ಸಮಪಾಲು. ಅಮೆರಿಕದ ಎಫ್‌ಎಂ ರೇಡಿಯೋದಲ್ಲಿ ಹಾಡು ಬಂದರೆ ದುಡ್ಡು ಹೋಗುವುದು ಬರೆದವರಿಗೆ ಮತ್ತು ಪ್ರಕಾಶಕರಿಗೆ, ಹಾಡಿದವರಿಗೆ ಅಲ್ಲ. ಇದು ನ್ಯಾಯವಾ ಅಂದರೆ ನನ್ನ ಪ್ರಕಾರ ಅಲ್ಲ, ಹಾಡಿದವರಿಗೂ ಸಿಗಬೇಕು. ಆದರೆ ಬರೆದವರ ಹಕ್ಕು ಅಂದರೆ ಏನು ಅಂತ ಇಲ್ಲಿನ ಪ್ರತಿಯೊಬ್ಬ ಹಾಡುಗಾರನಿಗೂ ಗೊತ್ತು. ಹಾಡುಗಾರ್ತಿ ಡಾಲಿ ಪಾರ್ಟನ್ ಬರೆದ 'ಐ ವಿಲ್ ಆಲ್ವೇಸ್ ಲವ್ ಯೂ' ಹಾಡನ್ನು ಎಲ್ವಿಸ್ ಪ್ರೀಸ್ಲಿ ಹಾಡುತ್ತಾರೆ ಅಂತ ತಿಳಿದಾಗ ಡಾಲಿಗೆ ಆಕಾಶವೇ ಸಿಕ್ಕಿದಷ್ಟು ಖುಷಿ. ಎಲ್ವಿಸ್‌ರ ಮ್ಯಾನೇಜರ್ ಪ್ರಕಾಶನ ಹಕ್ಕಿನಲ್ಲಿ ಅರ್ಧ ಕೇಳಿದರು. ಡಾಲಿ ಅತ್ತರು, ಆದರೆ ಕೊಡಲಿಲ್ಲ. 1992ರಲ್ಲಿ ವಿಟ್ನಿ ಹ್ಯೂಸ್ಟನ್ ಅದೇ ಹಾಡನ್ನು ಹಾಡಿ ಜಗತ್ತೆಲ್ಲ ಕೇಳಿದಾಗ ಹಕ್ಕು ಡಾಲಿ ಕೈಯಲ್ಲೇ ಇತ್ತು.

ಭಾರತದಲ್ಲೂ ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿ ಆದ ಮೇಲೆ ಹಾಡು ಬರೆದವರು, ರಾಗ ಹಾಕಿದವರು ರಾಯಧನದ ತಮ್ಮ ಪಾಲನ್ನು ಕಂಪನಿಗೆ ಬರೆದುಕೊಡುವ ಹಾಗಿಲ್ಲ. ಒಳ್ಳೆ ಕಾನೂನು. ನನ್ನ ತಮ್ಮನಿಗೆ ಅದನ್ನು ಹೇಳಿದ್ದು ನಾನು. ಮೈಸೂರಿನಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ.

ಬರೆದವರ ಗುರುತು ಉಳಿಸುವುದು ನಮಗೇನು ಹೊಸದಾ? ಒಂದು ಸಂಜೆ ಪಕ್ಕದ ಮನೆಯವಳ ಅಂಗಳದಲ್ಲಿ ಶರೀಫರ ಒಂದು ತತ್ವಪದ ಹಾಡಿದೆ. ಯಾರು ಬರೆದದ್ದು ಅಂತ ಕೇಳಿದಳು. ಹಾಡಿನ ಒಳಗೇ ಇದೆ, ಕೊನೆಯಲ್ಲಿ 'ಶಿಶುನಾಳಧೀಶ' ಅಂತ ಬಂತಲ್ಲ, ಅದು ಅವರ ಅಂಕಿತ ಅಂದೆ. ಅದು ದೇವರ ಹೆಸರು, ಆದರೆ ಕೇಳಿದ ತಕ್ಷಣ ಶರೀಫರದು ಅಂತ ಗೊತ್ತಾಗುತ್ತೆ. ವಚನಕಾರರಿಗೂ ಅಂಕಿತ ಇತ್ತು, ದಾಸರಿಗೂ ಇತ್ತು. ಲಾವಣಿಯ ಕೊನೆಗೆ ಕವಿಯ ಹೆಸರು, ಊರು ಬರುತ್ತದೆ. ಅವಳು ಗಿಟಾರು ಕೆಳಗಿಟ್ಟು ಇನ್ನೊಂದು ಸಲ ಹಾಡಿಸಿದಳು, ಆ ಪದ ಬಂದಾಗ ಕೈ ಮಾಡಿ ತೋರಿಸು ಅಂದಳು. ಇಲ್ಲಿ ಕಾಗದ ಮಾಡುವ ಕೆಲಸವನ್ನು ನಮ್ಮಲ್ಲಿ ಹಾಡೇ ಮಾಡುತ್ತಿತ್ತು.

ಇಲ್ಲಿನವರಿಗೆ ಇಲ್ಲದ ಭಾಗ್ಯವೂ ನಮಗಿದೆ. ಬೇಂದ್ರೆ, ಕುವೆಂಪು, ಕೆ.ಎಸ್.ನ. ಅವರ ಕವಿತೆಗಳು ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಸ್ಕೂಲಿನಲ್ಲಿ ಹಾಡಾಗಿ ಓಡಾಡುತ್ತವೆ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಮಾಡಿದ ಉಪಕಾರ ಅದು. ಅಶ್ವಥ್ ಐಟಿಐ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು, ಶಿವಮೊಗ್ಗ ಸುಬ್ಬಣ್ಣ ವಕೀಲರಾಗಿದ್ದರು. ಸಂಸಾರ ನಡೆಸೋಕೆ ಬೇರೆ ಕೆಲಸ, ಜೀವ ಹಾಡಿನಲ್ಲಿ. ಆದರೆ ಕವಿ ಬರೆದದ್ದಕ್ಕೆ ರಾಗ ಹಾಕುವುದೇ ಪದ್ಧತಿಯಾದ ಮೇಲೆ, ತಾನೇ ಬರೆದು ತಾನೇ ಹಾಡುವವನಿಗೆ ಜಾಗ ಕಿರಿದಾಯಿತು. ನನ್ನ ತಮ್ಮ ಸ್ವಂತ ಹಾಡು ಎತ್ತಿಕೊಂಡರೆ, "ಅದಿರಲಿ, ಕೆ.ಎಸ್.ನ. ಅವರದು ಒಂದು ಹೇಳಿ" ಅನ್ನುತ್ತಾರೆ. ಕೆ.ಎಸ್.ನ. ಬೇಕೇ ಬೇಕು. ಅವರ ಪಕ್ಕ ಒಂದು ಹೊಸ ಹಾಡಿಗೂ ಐದು ನಿಮಿಷ ಕೊಡಬಹುದಲ್ವಾ?

ಬಾಗಲಕೋಟೆ, ವಿಜಯಪುರ ಕಡೆಯ ಜಾನಪದ ಹುಡುಗರು ಯಾರ ಅಪ್ಪಣೆಯನ್ನೂ ಕಾಯಲಿಲ್ಲ. ತಾವೇ ಬರೆದು, ಸಣ್ಣ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿ, ಯೂಟ್ಯೂಬಿಗೆ ಹಾಕಿ, ಜಾತ್ರೆ ಜಾತ್ರೆಗೆ ಹೋಗಿ ಹಾಡುತ್ತಾರೆ. ಇಲ್ಲಿ ಪಿಕಪ್ ಟ್ರಕ್ಕಿನ ಮೇಲೆ ಹಾಡು ಕಟ್ಟಿದರೆ ಅಲ್ಲಿ ಟ್ರ್ಯಾಕ್ಟರ್ ಮೇಲೆ. ಮಾತು ಒರಟು ಅಂತ ಮೂಗು ಮುರಿಯುವವರಿದ್ದಾರೆ. ಕಂಟ್ರಿ ಸಂಗೀತವನ್ನೂ ಹಳ್ಳಿಗಾಡಿನದು ಅಂತ ಪೇಟೆಯವರು ಹೀಗೇ ಅಂದಿದ್ದರು. ನನಗೆ ಆ ಹುಡುಗರ ಮೇಲೆ ತುಂಬಾ ಅಭಿಮಾನ.

ಕಳೆದ ಚಳಿಗಾಲದಲ್ಲಿ ನಮ್ಮ ಮನೆಯಲ್ಲೇ ಒಂದು ಕಛೇರಿ ಇಟ್ಟುಕೊಂಡೆವು. ಇಲ್ಲಿ ಹೀಗೆ ಮನೆ ಹಜಾರದಲ್ಲಿ ಹಾಡಿಸುವ ರೂಢಿ ಇದೆ, ಸ್ವತಂತ್ರ ಹಾಡುಗಾರರಿಗೆ ಅದು ದೊಡ್ಡ ಆಸರೆ. ಹಾಡಿದವಳು ಅಟ್ಲಾಂಟಾದಲ್ಲೇ ಹುಟ್ಟಿ ಬೆಳೆದ ಹುಡುಗಿ, ಅಪ್ಪ ಅಮ್ಮ ಗದಗಿನ ಕಡೆಯವರು. ಗಿಟಾರು ಹಿಡಿದು ಕನ್ನಡದಲ್ಲಿ ತಾನೇ ಹಾಡು ಕಟ್ಟುತ್ತಾಳೆ. ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದಿದ್ದಳು. ಮೂವತ್ತೆಂಟು ಜನ ಸೇರಿದ್ದರು, ಪಕ್ಕದ ಮನೆಯವಳೂ ಬಂದು ಮೂಲೆಯಲ್ಲಿ ಕೂತಿದ್ದಳು. ಹಾಡುವಾಗ ಊಟದ ಮಾತು, ಫೋನು ಬೇಡ ಅಂತ ಮೊದಲೇ ಕೇಳಿಕೊಂಡಿದ್ದೆ. ಹನ್ನೊಂದು ಹಾಡು, ಎಲ್ಲವೂ ಅವಳದೇ. ಒಂದು ಹಾಡು ಅವಳ ಅಜ್ಜಿ ಫೋನಿನಲ್ಲಿ ಕೇಳುವ ಪ್ರಶ್ನೆಗಳದ್ದು. ಅದು ಮುಗಿದಾಗ ಯಾರೂ ತಕ್ಷಣ ಚಪ್ಪಾಳೆ ತಟ್ಟಲಿಲ್ಲ, ತಟ್ಟೋಕೆ ಆಗಲಿಲ್ಲ.

ಬಾಗಿಲ ಪಕ್ಕ ಸ್ಟೀಲ್ ಡಬರಿ ಇಟ್ಟು, 'ಹಾಡಿದವರಿಗೆ' ಅಂತ ಚೀಟಿ ಅಂಟಿಸಿದ್ದೆ. ಎಲ್ಲರೂ ಹೋದ ಮೇಲೆ ನನ್ನ ಹೆಂಡತಿ ಅದನ್ನು ಅಡುಗೆಮನೆ ಕಟ್ಟೆ ಮೇಲೆ ಸುರಿದು ಎಣಿಸಿದಳು. 760 ಡಾಲರ್. ಆ ಹುಡುಗಿ ಮೊಸರನ್ನ ತಿನ್ನುತ್ತಾ ನೋಡುತ್ತಿದ್ದಳು.

"ಅಂಕಲ್, ಇದು ಕನ್ನಡ ಕೂಟಕ್ಕಾ?" ಅಂತ ಕೇಳಿದಳು.

"ಇಲ್ಲಮ್ಮ, ನಿನಗೆ."

ತಟ್ಟೆ ಕೆಳಗಿಟ್ಟು, ಕೈ ತೊಳೆದು ಬಂದು, ನೋಟುಗಳನ್ನು ಒಂದೊಂದಾಗಿ ನೇರ ಮಾಡಿ ಜೋಡಿಸತೊಡಗಿದಳು.