ಪ್ಯಾಂಟ್ ನೋಡಿ ಭವಿಷ್ಯ ಹೇಳುವವರು

ಕ್ಯೂಬಾದಲ್ಲಿ ಹೊಸದಾಗಿ ಅಧ್ಯಕ್ಷರಾಗುವವರ ವಯಸ್ಸು 60 ದಾಟಿರಬಾರದು ಅಂತ 2019ರ ಸಂವಿಧಾನದಲ್ಲಿ ಒಂದು ಸಾಲಿತ್ತು. 2025ರ ಜುಲೈಯಲ್ಲಿ ಅದನ್ನು ಕಿತ್ತುಹಾಕಿದರು. ಆರೇ ವರ್ಷಕ್ಕೆ ಆ ಸಾಲಿಗೇ ಮುಪ್ಪು ಬಂತೇನೋ. ಈಗಿನ ಅಧ್ಯಕ್ಷ ಮಿಗೆಲ್ ಡಿಯಾಸ್ ಕನೆಲ್ ಅವರ ಅವಧಿ 2028ಕ್ಕೆ ಮುಗಿಯಬೇಕು. ಸರಿ, ವಿಶ್ಲೇಷಕರು ಶುರು ಹಚ್ಚಿಕೊಂಡರು: ಮುಂದೆ ಯಾರು? ಅವರು ಸುಧಾರಕರಾ?

ಸ್ವಲ್ಪ ತಾಳಿ ಸ್ವಾಮಿ. ಹೋದ ಸಲದ ಸುಧಾರಕರ ಲೆಕ್ಕವೇ ಇನ್ನೂ ಬಾಕಿ ಇದೆ.

2018ರಲ್ಲಿ ಡಿಯಾಸ್ ಕನೆಲ್ ಅಧ್ಯಕ್ಷರಾದಾಗ ಇದೇ ವಿಶ್ಲೇಷಕರು ಏನೆಲ್ಲ ಬರೆದಿದ್ದರು, ನೆನಪಿದೆಯಾ? ಜೀನ್ಸ್ ಹಾಕುತ್ತಾರೆ. ಬೀಟಲ್ಸ್ ಕೇಳುತ್ತಾರೆ. ಸಾಂತಾ ಕ್ಲಾರಾದಲ್ಲಿ ಪಕ್ಷದ ಮುಖ್ಯಸ್ಥರಾಗಿದ್ದಾಗ ಸೈಕಲ್ ತುಳಿಯುತ್ತಿದ್ದರು. ನಮ್ಮ ಜೋಯಿಸರಾದರೂ ಗ್ರಹ, ನಕ್ಷತ್ರ ಅಂತ ಏನೋ ಕೂಡಿಸಿ ಕಳೆಯುತ್ತಾರೆ. ಇವರು ಪ್ಯಾಂಟ್ ನೋಡಿಯೇ ಒಂದು ದೇಶದ ಭವಿಷ್ಯ ಹೇಳಿಬಿಟ್ಟರು. ಪಾಪ, ಆ ಮನುಷ್ಯ ಯಾರಿಗೂ ಸುಳ್ಳು ಹೇಳಲಿಲ್ಲ. ದೊಡ್ಡ ನಿರ್ಧಾರಗಳೆಲ್ಲ ಹಿಂದಿನ ಅಧ್ಯಕ್ಷ ರೌಲ್ ಕ್ಯಾಸ್ಟ್ರೊ ಅವರದ್ದೇ ಅಂತ ಮೊದಲ ದಿನವೇ ಅಂದರು. ಆಮೇಲೆ 'ನಾವೇ ಮುಂದುವರಿಕೆ' ಅಂತ ಘೋಷಣೆಯನ್ನೂ ಮಾಡಿಕೊಂಡರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಅಲ್ಲಿ ಬಂದ ಸೊಸೆ ಹೊಸಿಲು ದಾಟುವಾಗಲೇ 'ನಾನು ಅತ್ತೆಯೇ' ಅಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಇರಲಿ, ನನಗೆ ಕಾಡುವುದು ಬೇರೆ. 2018ರ ಆ ಚುನಾವಣೆಯಲ್ಲಿ ಮತ ಹಾಕಿದ್ದು ಸಂಸತ್ ಸದಸ್ಯರು, ಅಭ್ಯರ್ಥಿ ಒಬ್ಬರೇ. 604 ಮತದಲ್ಲಿ 603 ಅವರಿಗೆ. ಆ ಉಳಿದ ಒಬ್ಬರು ಯಾರು? ಪೆನ್ನು ಬರೆಯಲಿಲ್ಲವಾ? ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದರಾ? ಮತ ಎಣಿಸುವಾಗ ಅಕ್ಕಪಕ್ಕದವರು ಇವರ ಮುಖ ನೋಡಿದರಾ? 2023ರಲ್ಲಿ ಮತ್ತೆ ಚುನಾವಣೆ, ಮತ್ತೆ ಒಬ್ಬರೇ, 462ರಲ್ಲಿ 459. ಒಂದು ಹೋಗಿ ಮೂರಾಯಿತು! ಐದು ವರ್ಷಕ್ಕೆ ಎರಡರಂತೆ ಏರಿದರೆ ವಿರೋಧಕ್ಕೆ ಬಹುಮತ ಬರಲು ಇನ್ನು ಸುಮಾರು 570 ವರ್ಷ ಸಾಕು. 'ಅವಸರ ಬೇಡ, ಆದರೆ ನಿಲ್ಲುವುದೂ ಬೇಡ' ಅಂತ ರೌಲ್ ಸಾಹೇಬರು ಹೇಳುತ್ತಿದ್ದುದು ಇದನ್ನೇ ಇರಬೇಕು.

ಅವರೂ ಒಂದು ಕಾಲಕ್ಕೆ ಸುಧಾರಕರೇ. 2010ರಲ್ಲಿ ಜನ ಸ್ವಂತವಾಗಿ ಮಾಡಬಹುದಾದ 178 ಕಸುಬುಗಳ ಪಟ್ಟಿ ಹೊರಡಿಸಿದರು. ಕೊಡೆ ರಿಪೇರಿ, ಹಣ್ಣಿನ ಸಿಪ್ಪೆ ಸುಲಿಯುವುದು, ಗುಂಡಿಗಳಿಗೆ ಬಟ್ಟೆ ಹೊದಿಸುವುದು. ವಿದೂಷಕನ ಕೆಲಸವೂ ಇತ್ತು. ಸರ್ಕಾರ ತನ್ನ ಕೈಯಲ್ಲಿದ್ದ ಏಕಸ್ವಾಮ್ಯವನ್ನು ಇಷ್ಟು ಧಾರಾಳವಾಗಿ ಬಿಟ್ಟುಕೊಟ್ಟದ್ದು ಇನ್ನೆಲ್ಲೂ ಕಾಣೆ.

ಈಗಿನ ಅಧ್ಯಕ್ಷರು ಓದಿದ್ದು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್. 2024ರ ಅಕ್ಟೋಬರ್ 18ರಂದು ಮತಾನ್ಸಾಸ್‌ನ ವಿದ್ಯುತ್ ಸ್ಥಾವರವೊಂದು ಕೈಕೊಟ್ಟು ಇಡೀ ದೇಶಕ್ಕೆ ಕರೆಂಟ್ ಹೋಯಿತು. ಬೀದಿಗೆ ಹೋದರೆ ಲೈನ್‌ಮನ್‌ಗೆ ಫೋನ್ ಮಾಡಬಹುದು. ದೇಶಕ್ಕೇ ಹೋದರೆ ಯಾರಿಗೆ ಮಾಡೋದು?

ಅದಕ್ಕೂ ಮುಂಚಿನ ತಿಂಗಳು ರೇಷನ್ ಬ್ರೆಡ್ಡು 80 ಗ್ರಾಂನಿಂದ 60ಕ್ಕೆ ಇಳಿದಿತ್ತು. ತಲೆಗೆ ದಿನಕ್ಕೆ ಒಂದೇ. ಸುಮ್ನೆ ಕುತೂಹಲಕ್ಕೆ ನಮ್ಮ ಅಡುಗೆಮನೆಯಲ್ಲಿ 60 ಗ್ರಾಂ ಚಪಾತಿ ಹಿಟ್ಟು ತೂಗಿ ನೋಡಿದೆ. ಅಂಗೈಯಲ್ಲಿ ಒಂದು ಉಂಡೆ. ಒಂದೂವರೆ ಚಪಾತಿ ಆಗುತ್ತೆ, ಅಷ್ಟೆ. ಇಷ್ಟಕ್ಕೆ ಕ್ಯೂ ನಿಲ್ಲಬೇಕು.

2021ರ ಜುಲೈ 11ರಂದು ಇದೇ ಜನ ಊಟ, ಔಷಧಿ, ಕರೆಂಟು, ಸ್ವಾತಂತ್ರ್ಯ ಬೇಕು ಅಂತ ಊರೂರಲ್ಲಿ ಬೀದಿಗಿಳಿದರು. ಜೀನ್ಸಿನ ಸುಧಾರಕರು ಟಿವಿಗೆ ಬಂದು 'ಯುದ್ಧದ ಆದೇಶ ಕೊಟ್ಟಾಗಿದೆ' ಅಂದರು. ಯಾರ ಮೇಲೆ ಯುದ್ಧ? ಬ್ರೆಡ್ಡು ಕೇಳಿದವರ ಮೇಲೆ. ನೂರಾರು ಜನ ಜೈಲಿಗೆ ಹೋದರು, ಕೆಲವರಿಗೆ 20 ವರ್ಷಕ್ಕೂ ಜಾಸ್ತಿ ಶಿಕ್ಷೆಯಾಯಿತು. ಮುಂದಿನ ತಿಂಗಳೇ 100 ಜನರವರೆಗಿನ ಖಾಸಗಿ ಕಂಪನಿಗಳಿಗೆ ಅನುಮತಿ ಸಿಕ್ಕಿತು, ಅದನ್ನೂ ಸುಧಾರಣೆ ಅಂತ ಹೊಗಳಿದರು. ಕೂಗಿದವರು ಒಳಗೆ, ಅಂಗಡಿ ಇಟ್ಟವರು ಹೊರಗೆ. ಇದಕ್ಕೆ ಏನಂತ ನಗುವುದು? ನನಗೆ ಸಾಕಾಗಿದೆ.

ಆ 60ರ ಸಾಲು ಕಿತ್ತ ತಿಂಗಳೇ ಅಲ್ಲಿನ ಕಾರ್ಮಿಕ ಸಚಿವೆ, ದೇಶದಲ್ಲಿ ಭಿಕ್ಷುಕರೇ ಇಲ್ಲ, ಇರುವವರು ಭಿಕ್ಷುಕರ ವೇಷ ಹಾಕಿದವರು ಅಂದಿದ್ದರು. ಜನ ಬೈದರು, ಕುರ್ಚಿ ಹೋಯಿತು. ಅಲ್ಲಿಗೂ ಬೇರೆಯವರು ಬಂದಾಯಿತು. ಅವರು ಯಾವ ಪ್ಯಾಂಟ್ ಹಾಕುತ್ತಾರೆ ಅಂತ ವಿಶ್ಲೇಷಕರು ಯಾಕೋ ಇನ್ನೂ ತಿಳಿಸಿಲ್ಲ.