ಒಂದೇ ಸಲ ಹೇಳಿಬಿಟ್ಟರೆ ನಿಮ್ಮ ಗಂಟೇನು ಹೋಗುತ್ತೆ?

ಹಾಸನದಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿಗೆ ಸೇರಿದ್ದೇನೆ. ಸೇರಿದ್ದೇನೆ ಅಂತ ನಾನು ಅಂದುಕೊಂಡಿದ್ದೇನೆ ಅಷ್ಟೇ, ಆಫೀಸಿನವರು ಇನ್ನೂ ಒಪ್ಪಿಲ್ಲ.

ನಾನು ಕಡೂರು ಕಡೆಯವಳು. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಡಿಗ್ರಿ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರುತ್ತವೆ, ಹಾಸನದ್ದು ಬೇರೆ ವಿಶ್ವವಿದ್ಯಾಲಯ, ಹಾಗಾಗಿ ಇಲ್ಲಿಗೆ ಬರಲು ಮೈಗ್ರೇಶನ್ ಸರ್ಟಿಫಿಕೇಟ್ ಬೇಕು. ಬೇಕು ಅಂದರೆ ತರೋಣ, ಅದಕ್ಕೇನು. ಆದರೆ ಅಡ್ಮಿಷನ್ ದಿನವೇ ಹೇಳಬಹುದಿತ್ತು ಅಲ್ವಾ? ಟಿ.ಸಿ. ಕೊಟ್ಟ ಮೇಲೆ ಮೈಗ್ರೇಶನ್ ಅಂದರು. ಅದಕ್ಕೆ ಅರ್ಜಿ ಹಾಕಿ ಬಂದರೆ, ಇನ್ನೊಂದು ಸೆಟ್ ಜೆರಾಕ್ಸ್ ಎಲ್ಲಿ ಅಂದರು. ಅದನ್ನೂ ಕೊಟ್ಟೆ. ಆಗ ಕನ್ನಡಕ ಏರಿಸಿಕೊಂಡು, "ಆದಾಯ ಪ್ರಮಾಣ ಪತ್ರದ್ದು ಡೇಟ್ ಮುಗಿದಿದೆಯಲ್ಲಮ್ಮ, ಹೊಸ ಆರ್‌ಡಿ ನಂಬರ್ ತಗೊಂಬಾ" ಅಂದರು. ಆರ್‌ಡಿ ನಂಬರ್ ಅಂದರೆ ಆ ಪತ್ರದ ಮೇಲಿರುವ ನಂಬರ್. ಮೊದಲ ದಿನ ಇದೇ ಕಾಗದ ಇವರ ಕೈಯಲ್ಲೇ ಇತ್ತು! ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು ನಿಜ, ಆದರೆ ಊರಿನ ವಿಎ, ಅಂದರೆ ಗ್ರಾಮ ಆಡಳಿತಾಧಿಕಾರಿ, ವರದಿ ಕೊಡಬೇಕಲ್ಲ, ಅದಕ್ಕೆ ಮತ್ತೆ ಊರಿಗೆ ಓಡಬೇಕು, ಅಷ್ಟರಲ್ಲಿ ಇಲ್ಲಿ ಲ್ಯಾಬ್ ಹೋಯಿತು. ಏನೇನು ಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಲು ಎಷ್ಟು ಹೊತ್ತು ಬೇಕು?

ಊರಿಗೆ ಹೋದರೆ ಅತ್ತೆ ಶುರು ಮಾಡುತ್ತಾರೆ. "ಬಸ್ ಫ್ರೀ ಅಲ್ವೇನೇ, ದಿನಾ ಹೋಗಿ ಬಾ." 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿರೋದು ಪುಣ್ಯವೇ, ನಾನೂ ಅದರಲ್ಲೇ ಓಡಾಡೋದು. ಆದರೆ ಲ್ಯಾಬ್ ಮುಗಿಸಿ ಹೊರಟು, ಅರಸೀಕೆರೆಯಲ್ಲಿ ಇಳಿದು, ಇನ್ನೊಂದು ಬಸ್ ಕಾದು, ನಿಂತುಕೊಂಡೇ ಮನೆ ಮುಟ್ಟಿದ ಮೇಲೆ ರೆಕಾರ್ಡ್ ಬರೆಯೋದು ಯಾರು, ಅತ್ತೆನಾ?

ಸರಿ, ರೂಮು ನೋಡೋಣ ಅಂತ ನಾವು ಮೂವರು ಹುಡುಗಿಯರು ಸಾಲಗಾಮೆ ರಸ್ತೆ, ವಿದ್ಯಾನಗರ, ಕುವೆಂಪುನಗರ ಎಲ್ಲಾ ಸುತ್ತಿದೆವು. ಬೋರ್ಡ್ ನೇತಾಡುತ್ತಿರುತ್ತೆ, ಬೆಲ್ ಮಾಡಿದರೆ ನೂರೆಂಟು ಪ್ರಶ್ನೆ. ನೇರವಾಗಿ ಜಾತಿ ಕೇಳೋರು ಕಡಿಮೆ. ಮೊದಲು ಊರು. ಆಮೇಲೆ "ಅಪ್ಪನ ಹೆಸರು?" ಅದರಲ್ಲೂ ಗೊತ್ತಾಗದಿದ್ದರೆ ನಗುನಗುತ್ತಾ "ನಿಮ್ಮನೆ ದೇವ್ರು ಯಾವುದಮ್ಮ?" ಬಾಡಿಗೆ ಕೊಡೋದು ನಾವು, ನಮ್ಮನೆ ದೇವರಲ್ಲವಲ್ಲ! ಒಂದು ಕಡೆ ತಲೆಕೆಟ್ಟು "ಹಾಸನಾಂಬೆ" ಅಂದುಬಿಟ್ಟೆ. ಆ ಯಮ್ಮ ಕಕ್ಕಾಬಿಕ್ಕಿಯಾಗಿ ನಮ್ಮನ್ನು ನೋಡಿ, "ಯಜಮಾನ್ರನ್ನ ಕೇಳಿ ಫೋನ್ ಮಾಡ್ತೀನಿ" ಅಂದರು. ಆ ತಾಯಿಯಾದರೂ ವರ್ಷಕ್ಕೊಮ್ಮೆ ಬಾಗಿಲು ತೆಗೆಯುತ್ತಾಳೆ, ಇವರು ಅದೂ ಇಲ್ಲ. ಮೊಟ್ಟೆ ಬೇಯಿಸಬಾರದು, ಫ್ರೆಂಡ್ಸ್ ಬರಬಾರದು, ಬಟ್ಟೆ ಟೆರೇಸ್ ಮೇಲೆ ಹಾಕಬಾರದು ಅಂತ ಉಳಿದ ಮನೆಗಳಲ್ಲಿ ಹೇಳಿದ್ದನ್ನು ಬರೆಯುತ್ತಾ ಕೂತರೆ ಬೆಳಗಾಗುತ್ತೆ.

ಸದ್ಯಕ್ಕೆ ಒಂದು ಪೇಯಿಂಗ್ ಗೆಸ್ಟ್ ಪಿ.ಜಿ.ಯಲ್ಲಿ ಇದ್ದೇನೆ. ಸಾರು ಅಂತ ಕೊಡೋದರಲ್ಲಿ ಬೇಳೆ ಹುಡುಕಬೇಕು. ಅದಿರಲಿ. ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೇನೆ. ಅಲ್ಲಿ ಸೀಟು ಸಿಗದವರಿಗೆ ವಿದ್ಯಾಸಿರಿ ಇದೆ, ಊಟ-ವಸತಿಗೆ ಅಂತ ಸರ್ಕಾರ ತಿಂಗಳಿಗೆ ಇಷ್ಟು ಅಂತ ಕೊಡುವ ದುಡ್ಡು. ಅಂದರೆ ಹಾಸ್ಟೆಲ್ ಸಿಗುತ್ತಾ ಇಲ್ವಾ ಅಂತ ಗೊತ್ತಾಗೋವರೆಗೆ ಯಾವ ಲೆಕ್ಕವನ್ನೂ ಹಾಕೋ ಹಾಗಿಲ್ಲ, ರೂಮಿಗೆ ಅಡ್ವಾನ್ಸ್ ಕೊಟ್ಟರೆ ವಾಪಸ್ ಬರಲ್ಲ, ಪಿ.ಜಿ.ಗೆ ಕಟ್ಟಿದ್ದಂತೂ ಹೋದ ಹಾಗೇ. ಕ್ಲಾಸ್ ಶುರುವಾಗಿ, ಇಂಟರ್ನಲ್ಸ್ ಡೇಟ್ ಕೂಡ ಬಂದಾಯ್ತು, ಹಾಸ್ಟೆಲ್ ಪಟ್ಟಿ ಮಾತ್ರ ಇಲ್ಲ.

ಯಾವಾಗ ಬರುತ್ತೆ ಅಂತ ಫೋನ್ ಮಾಡಿದರೆ "ನೋಡ್ತಾ ಇರಿ" ಅಂದರು. ಎಲ್ಲಿ ನೋಡಬೇಕು ಸಾರ್ ಅಂತ ಕೇಳಿದೆ. ಫೋನ್ ಇಟ್ಟರು.